ಎಳ್ಳೆಳ್ಳಾಗಿ ನಡೆದ ಎಮ್ಮೆ

ಎಮ್ಮೆ ವಿಷಯದಲ್ಲಿ ನನಗೆ ಪಾಠ ಹೇಳುವವರು ಪಟ್ಟಂದೂರು ಅಗ್ರಹಾರದಲ್ಲಿ ಇನ್ನೂ ಹುಟ್ಟಿಲ್ಲ! ಹುಟ್ಟುವುದೂ ಕಷ್ಟ, ಈಗಿನ ಮಕ್ಕಳು ಎಮ್ಮೆ ಅಂದರೆ ತುಪ್ಪದ ಡಬ್ಬಿ ಮೇಲಿನ ಚಿತ್ರ ಅಂದುಕೊಂಡಿವೆ. ನಾನು ಅಶ್ವತ್ಥಮ್ಮ. ಓದಿದ್ದು ಎರಡನೇ ಕ್ಲಾಸು, ಸಾಕಿದ್ದು ಹನ್ನೊಂದು ಎಮ್ಮೆ. ಇಂಥವಳು ಒಂದು ಮಣ್ಣಿನ ಎಮ್ಮೆಯನ್ನು ಮೇಜಿನ ಮೇಲೆ ಮೂರು ಮೊಳ ನಡೆಸಲಾರೆನೇ?

ನಡೆಸಿದೆ ಸ್ವಾಮಿ. ಅದೇ ಆಗಿದ್ದು ಎಡವಟ್ಟು.

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ವೇಣಿ. ಹಗಲು ಕಂಪ್ಯೂಟರ್ ಆಫೀಸು, ಮನೆಗೆ ಬಂದರೆ ಮಣ್ಣಿನ ಗೊಂಬೆ. ಎರಡು ವರ್ಷದಿಂದ ಒಬ್ಬಳೇ ಕೂತು ಗೊಂಬೆ ಸಿನಿಮಾ ಮಾಡುತ್ತಿದ್ದಳು. ಗೊಂಬೆಯನ್ನು ಒಂಚೂರು ಸರಿಸು, ಒಂದು ಫೋಟೋ ತೆಗೆ. ಮತ್ತೆ ಒಂಚೂರು ಸರಿಸು, ಇನ್ನೊಂದು ತೆಗೆ. ಇಂಥ ಹನ್ನೆರಡು ಫೋಟೋ ಸೇರಿದರೆ ಸಿನಿಮಾದಲ್ಲಿ ಒಂದು ಸೆಕೆಂಡು!

"ಎರಡು ವರ್ಷಕ್ಕೆ ಎಷ್ಟಾಯ್ತಮ್ಮ?" ಅಂದೆ.

"ಆರು ನಿಮಿಷ ಅಜ್ಜಿ!" ಎದೆಯುಬ್ಬಿಸಿ ಹೇಳಿದಳು.

ನಮ್ಮ ಹೂಡಿ ಟ್ರಾಫಿಕ್ ಸಿಗ್ನಲ್ಲೇ ಅದಕ್ಕಿಂತ ಉದ್ದ. ಬಾಯಿಬಿಟ್ಟು ಹೇಳಲಿಲ್ಲ, ಪಾಪ.

ಕಂಪ್ಯೂಟರಿನಲ್ಲಿ ತೋರಿಸಿದಳು. ಎಮ್ಮೆಯೊಂದು ಹಳೇ ದಾರಿಯಲ್ಲಿ ಮನೆ ಹುಡುಕಿಕೊಂಡು ಬರುತ್ತದೆ. ಕೊಟ್ಟಿಗೆ ಇದ್ದ ಜಾಗದಲ್ಲಿ ಗಾಜಿನ ಕಟ್ಟಡ. ಕಥೆ ಸರಿ, ನಡಿಗೆ ಸರಿಯಿಲ್ಲ!

"ಇದೇನೇ, ನಿನ್ನೆಮ್ಮೆ ಕುಡಿದೈತಾ?"

"ಯಾಕಜ್ಜಿ?"

"ಮುಂದ್ಗಡೆ ಕಾಲು ಮೊದಲು ಎತ್ತುತ್ತಲ್ಲೇ! ಎಮ್ಮೆ ಅಂಗಲ್ಲ ಕಣೇ. ಎಡಗಡೆ ಇಂದಿನ ಕಾಲು, ಆಮೇಲೆ ಎಡಗಡೆ ಮುಂದಿನ ಕಾಲು. ಆಮೇಲೆ ಬಲಗಡೆ ಇಂದು, ಬಲಗಡೆ ಮುಂದು."

ಹಾಗೇ ಮಾಡಿದಳು. ಎಮ್ಮೆ ಎಮ್ಮೆಯಂತೆ ನಡೆಯಿತು! ಅವತ್ತಿನಿಂದ ನಾನು ಆ ಸಿನಿಮಾದ ರಾಜಗುರು.

ಉಳಿದಿದ್ದು ಕೊನೆಯ ನಲವತ್ತು ಸೆಕೆಂಡು. ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಯಾವುದೋ ಸ್ಪರ್ಧೆಗೆ ಕಳಿಸಬೇಕು. ಆ ವಾರವೇ ಅವಳ ಆಫೀಸಿನವರಿಗೆ ಜ್ಞಾನೋದಯವಾಗಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮೂರು ದಿನ ಟ್ರೈನಿಂಗ್ ಇಟ್ಟರು. ಇಲ್ಲಿಂದ ದಿನಾ ಹೋಗಿ ಬರುವುದಕ್ಕಿಂತ ಕಾಶಿಗೆ ಹೋಗಿ ಬರಬಹುದು. ಗೆಳತಿಯ ಪಿಜಿಯಲ್ಲೇ ಉಳಿಯಬೇಕಾಯಿತು.

"ಈ ಸಲವೂ ಆಗ್ಲಿಲ್ಲ ಅಂದ್ರೆ ಬಿಟ್ಟೇಬಿಡ್ತೀನಿ ಅಜ್ಜಿ. ಮಣ್ಣೆಲ್ಲ ಗುಡಿಸಿ ಹಾಕ್ತೀನಿ." ಕಣ್ಣಲ್ಲಿ ನೀರು.

"ನಾನಿಲ್ವೇನೇ? ನೀನು ಓಗು!" ಅಂದೆ.

ಸ್ಟ್ಯಾಂಡಿಗೆ ಕ್ಯಾಮೆರಾ ಬಿಗಿದು, ಒತ್ತುವ ಗುಂಡಿ ತೋರಿಸಿದಳು. ಕಂಪ್ಯೂಟರ್ ಮುಟ್ಟಕೂಡದು. "ಎಮ್ಮೆ ಈ ತುದಿಯಿಂದ ಆ ತುದಿಗೆ ಹೋಗ್ಬೇಕು. ಒಂದೊಂದು ಸಲಕ್ಕೂ ಎಳ್ಳಷ್ಟೇ ಸರಿಸಿ."

ಎಳ್ಳಷ್ಟು ಅಂದಳಲ್ಲ, ಅಡುಗೆ ಮನೆಯಿಂದ ಎಳ್ಳೇ ತಂದೆ! ಗೊರಸಿನ ಮುಂದೆ ಒಂದು ಎಳ್ಳು ಇಡು, ಅದು ತಾಕುವ ತನಕ ಕಾಲು ಸರಿಸು, ಎಳ್ಳು ತೆಗೆ, ಗುಂಡಿ ಒತ್ತು. ಫೋಟೋಗೆ ನಾಲ್ಕು ನಿಮಿಷ. ಮೂರು ದಿನ, ನಾನೂರ ಎಂಬತ್ತು ಫೋಟೋ. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಕೊನೆಗೆ ಎಳ್ಳನ್ನೂ ವಾಪಸ್ ಡಬ್ಬಕ್ಕೆ ಹಾಕಿದೆ.

ಗುರುವಾರ ಸಂಜೆ ಏಳಕ್ಕೆ ವೇಣಿ ಬಂದಳು. ಚಪ್ಪಲಿ ಬಿಡದೆ ಓಡಿಹೋಗಿ ಕಂಪ್ಯೂಟರ್ ಹಾಕಿದಳು. ನಾನು ಹೊಗಳಿಕೆ ಕೇಳಲು ಸೆರಗು ಸರಿಮಾಡಿಕೊಂಡು ನಿಂತೆ.

"ಅಜ್ಜೀ... ಎಮ್ಮೆ ಯಾಕೆ ನನ್ನೇ ನೋಡ್ತಿದೆ?"

"ನೋಡ್ದೆ ಇನ್ನೇನು? ಫೋಟೋ ಅಂದಮೇಲೆ ಮುಕ ಕಾಣ್ಬೇಡ್ವಾ?"

ಹೌದು ಸ್ವಾಮಿ! ನಮ್ಮ ಮದುವೆ ಫೋಟೋದಲ್ಲಿ ನಾನು ನಾಚಿಕೊಂಡು ತಲೆ ಎತ್ತಲಿಲ್ಲ. ಇವತ್ತಿಗೂ ನೋಡಿದವರು "ನಿಮ್ಮ ಯಜಮಾನರ ಪಕ್ಕ ಇರೋ ಬಟ್ಟೆ ಗಂಟು ಏನು?" ಅಂತ ಕೇಳುತ್ತಾರೆ. ಆ ಗತಿ ಎಮ್ಮೆಗೆ ಬರಬಾರದು ಅಂತ ಪ್ರತಿ ಫೋಟೋಗೂ ಅದರ ಕತ್ತನ್ನು ಕ್ಯಾಮೆರಾ ಕಡೆಗೆ ತಿರುಗಿಸಿದ್ದೆ. ಕಾಲು ನಾಲ್ಕೂ ಬಂಗಾರದಂತೆ ನಡೆಯುತ್ತಿವೆ. ತಲೆ ಮಾತ್ರ, ಓಟು ಕೇಳಲು ಬಂದವರ ಹಾಗೆ, ಮೂರು ಮೊಳ ದಾರಿ ಸವೆದರೂ ನೋಡುವವರ ಮೇಲಿಂದ ಕಣ್ಣು ತೆಗೆಯಲಿಲ್ಲ!

"ಅಜ್ಜಿ, ಕಥೆಯೇ ಅದು! ಎಮ್ಮೆ ತಿರುಗಿ ನೋಡದೆ ಹೊರಟುಹೋಗುತ್ತೆ. ಅಲ್ಲಿ ಜನ ಅಳಬೇಕು!"

"ಅದನ್ನ ಮೊದ್ಲೇ ಯೋಳ್ಬೇಕಾಗಿತ್ತು. ನೀನು ಯೋಳಿದ್ದು ಎಳ್ಳು. ಕತ್ತಿನ ಸುದ್ದಿ ಎಲ್ಲಿ ಯೋಳ್ದೆ?"

ಜೋರು ಮಾಡುತ್ತಲೇ ಬೆರಳು ಮಡಚಿ ಗಂಟೆ ಎಣಿಸಿದೆ. ಮತ್ತೆ ತೆಗೆಯೋಣ ಅಂದರೆ ಮೂವತ್ತೆರಡು ಗಂಟೆ ಬೇಕು, ಉಳಿದಿರುವುದು ಹದಿನೇಳು. ವೇಣಿ ಎದ್ದಳು, ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡಳು. ಎರಡು ವರ್ಷ ಒಂದೊಂದೇ ಎಳ್ಳು ಸರಿಸಿದವಳು, ಒಂದೇ ಏಟಿಗೆ ಎಲ್ಲ ಗುಡಿಸಲು ಹೊರಟಳು! ಪೊರಕೆಯ ಇನ್ನೊಂದು ತುದಿ ನಾನು ಹಿಡಿದುಕೊಂಡೆ.

"ಬುಡೇ! ಇರೋದನ್ನೇ ಕಳಿಸು. ಕೇಳಿದ್ರೆ ಎಮ್ಮೆಗೆ ಕತ್ತು ಉಳುಕೈತೆ ಅಂತ ಒಂದು ಕಾಗದ ಬರೆದಾಕು."

ಹುಡುಗಿ ನನ್ನ ಮುಖ ನೋಡಿದಳು. ಅಳುತ್ತಲೇ ನಕ್ಕಳು. ನಗುತ್ತಲೇ ಕಳಿಸಿದಳು.

ತಿಂಗಳಾದ ಮೇಲೆ ಉತ್ತರ ಬಂತು. ಸಿನಿಮಾ ಆಯ್ಕೆಯಾಗಿದೆ, ಹಾಸ್ಯ ವಿಭಾಗದಲ್ಲಿ! ಅಳಿಸಲು ಮಾಡಿದ್ದು ನಗಿಸಲು ಹೋಯಿತು. "ಹೋಗ್ಲಿ ಬಿಡಿ ಅಜ್ಜಿ, ಮುಂದಿನದರಲ್ಲಿ ಅಳಿಸ್ತೀನಿ" ಅಂದಳು ವೇಣಿ. ಮುಂದಿನದು ಅಂದಳಲ್ಲ, ನನಗೆ ಹೋದ ಜೀವ ಬಂತು.

ಜೀವದ ಜೊತೆ ಜಂಬವೂ ಬಂತು! ಪ್ರದರ್ಶನದ ದಿನ ಎದುರುಮನೆ ವನಜಾಳನ್ನು ಎಳೆದುಕೊಂಡೇ ಹೋದೆ. "ಪರದೆ ಮೇಲೆ ನನ್ನ ಎಸರು ಬರ್ತದೆ, ಓದಿ ಯೋಳು" ಅಂತ ಮೂರು ಸಲ ಎಚ್ಚರಿಸಿದೆ. ಎಮ್ಮೆ ಕತ್ತು ತಿರುಗಿಸಿದ ಕೂಡಲೇ ಸಿನಿಮಾ ಹಾಲ್ ತುಂಬಾ ನಗು. ಹೊಟ್ಟೆ ಹಿಡಿದುಕೊಂಡು ನಕ್ಕರು, ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕೊನೆಗೆ ಹೆಸರುಗಳು ಬಂದವು. ನಾನೇ ಅಕ್ಷರ ಕೂಡಿಸಿದೆ. ಅ... ಶ್ವ... ತ್ಥ... ಮ್ಮ. ನನ್ನದೇ! ಅದರ ಎಡಕ್ಕೊಂದು ಪುಟ್ಟ ಪದ. ಎ... ಮ್ಮೆ.

ವೇಣಿ ಪಿಸುಗುಟ್ಟಿದಳು. "'ಎಮ್ಮೆಯ ನಡಿಗೆ' ಅಂತಲೇ ಹಾಕಿದ್ದೆ ಅಜ್ಜಿ... 'ಯ ನಡಿಗೆ' ಹಾರಿಹೋಗಿದೆ."

ನಾನು ಸಮಾಧಾನ ಮಾಡಿಕೊಂಡೆ. ನೋಡಿದವರು 'ಹೆಮ್ಮೆ' ಅಂತ ತಿಳಿದುಕೊಳ್ಳಲಿ. ನಮ್ಮ ಕಡೆಯವರ ಬಾಯಲ್ಲಿ 'ಹ' ನಿಂತಿದ್ದು ಯಾವಾಗ?

ಪಕ್ಕದಲ್ಲಿ ವನಜಾ ಕಣ್ಣು ಒರೆಸಿಕೊಂಡು, ನನ್ನ ಕೈ ಹಿಡಿದು, ಭಕ್ತಿಯಿಂದ ಹೇಳಿದಳು:

"ಅಶ್ವತ್ಥಕ್ಕ, ಏನ್ ಪಾತ್ರ ಮಾಡಿದ್ದೀರ! ದಿನಾ ನೋಡೋ ಮುಖ, ಆದ್ರೂ ಹೆಸರು ಬರೋ ತನಕ ನೀವೇ ಅಂತ ಗೊತ್ತಾಗ್ಲಿಲ್ಲ ನೋಡಿ!"