ಕೀಬೋರ್ಡಿನೊಳಗಿನ ತಮಟೆ

ನಮ್ಮದು ವಾದ್ಯ ಮಾರುವ ಕಂಪನಿ. ಆದರೆ ನಮ್ಮಲ್ಲಿ ಒಂದು ವಾದ್ಯವೂ ಇಲ್ಲ. ವಾದ್ಯದ ನಾದ ಹಿಡಿದು ಕಂಪ್ಯೂಟರಿಗೆ ತುಂಬುತ್ತೇವೆ, ಸಂಗೀತ ಮಾಡುವವರು ಕೀ ಒತ್ತಿದರೆ ಅದು ನುಡಿಯುತ್ತದೆ. ಇಷ್ಟು ಹೇಳಿ ಮುಗಿಸುವುದರೊಳಗೆ ನಮ್ಮ ಕಂಪನಿ ಇರುವ ವಕ್ಕಲೇರಿಯಲ್ಲಿ ಏನಾದರೂ ಒಂದು ಆಗಿಯೇ ಆಗುತ್ತದೆ. ಅದರಲ್ಲೂ ತಮಟೆಯ ನಾದ ಹಿಡಿಯಲು ಹೋದಾಗ ಆದದ್ದನ್ನು ಹೇಳದೆ ಇರೋಕೆ ನನ್ನಿಂದಾಗಲ್ಲ. ಬೆಂಗಳೂರಿನ ದೊಡ್ಡ ಸ್ಟುಡಿಯೋದವರು, "ನಿಜವಾದ ತಮಟೆ ಹಂಗೇ ಕೇಳಿಸಿದ್ರೆ ತಗೋತೀವಿ" ಅಂದಿದ್ದರು. ತಗೊಳ್ಳದಿದ್ದರೆ ನಾನೂ ನನ್ನ ಪಾಲುದಾರಳೂ ಬಾಗಿಲು ಹಾಕಿಕೊಂಡು ಹೋಗಬೇಕಿತ್ತು.

ಒಂದೇ ಏಟು

ಬೈರಕೂರಿನಿಂದ ಒಳ್ಳೇ ತಮಟೆ ಕಲಾವಿದರೊಬ್ಬರನ್ನು ಕರೆಸಿದೆವು. ನಮಗೆ ಬೇಕಿದ್ದದ್ದು ಬಿಡಿಬಿಡಿ ಏಟು. ಒಂದು ಏಟು ಹಾಕಬೇಕು, ನಾದ ಪೂರ್ತಿ ಅಡಗುವವರೆಗೆ ಸುಮ್ಮನಿರಬೇಕು. ಅವರು ಒಂದು ಹಾಕಿದರು. ಎರಡನೆಯದಕ್ಕೆ ಕಾಲು ಎದ್ದಿತು, ಮೂರನೆಯದಕ್ಕೆ ಕೋಣೆ ತುಂಬ ಕುಣಿಯುತ್ತಿದ್ದರು. ನಾನೂ ಮೈಕು ಮರೆತು ತಾಳ ಹಾಕಿದೆ.

"ಒಂದೇ ಏಟು ಸಾಕಣ್ಣ," ಅಂದಳು ಪಾಲುದಾರಳು.

"ಒಂದೇ ಏಟಿಗೆ ಯಾರು ಕುಣೀತಾರಮ್ಮ?"

"ಯಾರೂ ಕುಣಿಯೋದು ಬೇಡ."

ಅವರು ತಮಟೆ ಕೆಳಗಿಟ್ಟು, "ಹಂಗಾದ್ರೆ ನನ್ನ ಯಾಕಮ್ಮ ಕರೆಸಿದ್ರಿ?" ಅಂದರು.

ಮೋಡವಿಲ್ಲದ ಮಳೆ

ಹೆಂಗೋ ಒಪ್ಪಿಸಿದೆವು. ರೆಕಾರ್ಡಿಂಗ್ ಕೇಳಿದರೆ ಪ್ರತಿ ಏಟಿನ ಹಿಂದೆ ಸಣ್ಣಗೆ ಮಳೆ. ಹೊರಗೆ ಸುಡುಬಿಸಿಲು. ಮೈಕು ಬಿಚ್ಚಿದೆವು, ವೈರು ಬದಲಾಯಿಸಿದೆವು. ಮಳೆ ಮಾತ್ರ ನಿಲ್ಲಲಿಲ್ಲ. ಕೊನೆಗೆ ನಾವು ಬಾಡಿಗೆಗಿದ್ದ ಮನೆಯ ಮಾಲೀಕ ತಾತ ಪಕ್ಕದ ರೇಷ್ಮೆ ಹುಳು ಮನೆಯ ಬಾಗಿಲು ತೆಗೆದು ತೋರಿಸಿದರು. ಗೂಡು ಕಟ್ಟುವ ಮುಂಚಿನ ಹುಳುಗಳು ಹಿಪ್ಪುನೇರಳೆ ಸೊಪ್ಪನ್ನು ಚರಚರ ಮೇಯುತ್ತಿದ್ದವು.

"ತಾತ, ಅರ್ಧ ಗಂಟೆ ಸೊಪ್ಪು ಹಾಕೋದು ನಿಲ್ಲಿಸ್ತೀರಾ?"

"ಏಮಪ್ಪಾ, ಊಟಕ್ಕೆ ಕೂತಿರೋರನ್ನ ಎಬ್ಬಿಸ್ತಾರಾ? ನಿನ್ನ ತಮಟೇನೇ ನಿಲ್ಲಿಸು."

ಹುಳು ಗೂಡು ಕಟ್ಟುವವರೆಗೂ ಕಂಪನಿಗೆ ರಜೆ.

ಪರೀಕ್ಷೆ

ಕೊನೆಗೂ ತಮಟೆ ತಯಾರಾಯಿತು. ಸ್ಟುಡಿಯೋದವರೊಬ್ಬರು ಪರೀಕ್ಷೆಗೆ ಬಂದರು. ತಾತನ ಮನೆ ಜಗಲಿ ಮೇಲೆ ದೊಡ್ಡ ಸ್ಪೀಕರ್ ಇಟ್ಟೆವು.

ಅವರು ಕೀಬೋರ್ಡಿನಲ್ಲಿ ಏನೇನೋ ನುಡಿಸಿ, ಕೊನೆಗೆ ಒಂದು ನಿಧಾನದ ಬಡಿತ ಹಿಡಿದು ಅದನ್ನೇ ನುಡಿಸುತ್ತಾ ಕೂತರು. "ಚೆನ್ನಾಗಿದೆ, ಆದ್ರೂ ಕಂಪ್ಯೂಟರ್ ಅಂತ ಗೊತ್ತಾಗತ್ತೆ ಕಣ್ರೀ," ಅಂದರು.

ಅಷ್ಟರಲ್ಲಿ ಬೀದಿಯವರು ಒಬ್ಬೊಬ್ಬರೇ ಬಂದು ಜಗಲಿ ಮುಂದೆ ತಲೆ ತಗ್ಗಿಸಿ ನಿಂತರು. ಹೆಂಗಸರ ತಲೆ ಮೇಲೆ ಸೆರಗು. ಒಬ್ಬರ ಕೈಯಲ್ಲಿ ಹೂವಿನ ಹಾರ, ಊದಿನಕಡ್ಡಿ. ಆಗ ನನಗೆ ಹೊಳೆಯಿತು. ನಮ್ಮ ಕಡೆ ಆ ಬಡಿತ ಬಾರಿಸೋದು ಹೆಣದ ಮುಂದೆ ಮಾತ್ರ.

"ಇವರೆಲ್ಲ ಯಾಕೆ ಬಂದ್ರು?" ಅಂದರು ಸ್ಟುಡಿಯೋದವರು.

"ತಮಟೆ ಕೇಳಿ ಬಂದಿದ್ದಾರೆ ಸಾರ್, ನಿಜವಾದದ್ದು ಅಂದ್ಕೊಂಡು." ಯಾವ ತಮಟೆ ಅಂತ ಮಾತ್ರ ಹೇಳಲಿಲ್ಲ.

ಅವರು ಎದ್ದು ನನ್ನ ಕೈ ಕುಲುಕಿ, "ತಗೊಂಡ್ವಿ ಕಣ್ರೀ," ಅಂದರು. ಪಾಲುದಾರಳಿಗೆ ಅಳುವೇ ಬಂತು. ಅದನ್ನು ನೋಡಿ ಹೆಂಗಸರೂ ಜೋರಾಗಿ ಅಳತೊಡಗಿದರು.

ಆಗ ತಾತ ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬಂದರು. ತಮ್ಮ ಮನೆ ಮುಂದೆ ಸೇರಿದ್ದ ಜನ ನೋಡಿ ಹೊರೆ ಇಳಿಸಿ, "ಯಾರಪ್ಪ ಹೋದದ್ದು?" ಅಂದರು.

ಅಳು ಗಕ್ಕನೆ ನಿಂತಿತು. ಹಾರ ತಂದಿದ್ದವರು ತಾತನನ್ನೊಮ್ಮೆ, ಹಾರವನ್ನೊಮ್ಮೆ ನೋಡಿ, ಸರಸರ ಜಗಲಿ ಹತ್ತಿ ಅದನ್ನು ಸ್ಟುಡಿಯೋದವರ ಕೊರಳಿಗೆ ಹಾಕಿ, "ಇವರಿಗೆ ಸನ್ಮಾನ ಇತ್ತು ತಾತ, ಅದಕ್ಕೇ ಬಂದ್ವಿ," ಅಂದರು.