ಆರು ಚಕ್ರದ ಮನೆಗೆ ಗಾಳಿ ಮಿಷನ್ ತಂದದ್ದು

ಬೇರೆಯವರ ಗಾಡಿ ಕೆಟ್ಟರೆ ಅದು ಗ್ಯಾರೇಜಿನ ಸುದ್ದಿ. ನನ್ನ ಗಾಡಿ ಕೆಟ್ಟರೆ ಹೊನ್ನಾವರದ ಅರ್ಧ ಜನಕ್ಕೆ ಆ ದಿನದ ಚಾ ಹೆಚ್ಚು ರುಚಿಸುತ್ತದೆ. ಇಂಥದ್ದೆಲ್ಲ ಯಾಕೋ ನನ್ನನ್ನೇ ಹುಡುಕಿಕೊಂಡು ಬರುತ್ತದೆ.

ಶಾಮಿಯಾನ ಹಾಕುವುದು ನನ್ನ ಕಸುಬು. ಊರವರ ಮದುವೆಗೆಲ್ಲ ಚಪ್ಪರ ಹಾಕಿ ಹಾಕಿ, ನನಗೂ ಹೆಂಡತಿಗೂ ಓಡಾಡುವ ಮನೆಯೊಂದು ಇರಲಿ ಅನ್ನಿಸಿತು. ಹಳೆಯ ಮಿನಿಬಸ್ಸು ಕೊಂಡು ಒಳಗೆ ಮಂಚ, ಒಲೆ, ನೀರಿನ ಟಾಕಿ ಕೂರಿಸಿದೆ. ಕಿಟಕಿಗೆ ಶಾಮಿಯಾನದ ಬಟ್ಟೆಯದೇ ಪರದೆ, ಕೆಂಪು ಹಳದಿ ಝಾಲರಿ ಸಮೇತ. ಕಂಡವರೆಲ್ಲ ‘ಧಾರೆ ಎಷ್ಟು ಗಂಟೆಗೆ?’ ಎಂದು ಕೇಳುತ್ತಿದ್ದರು.

ಸೇತುವೆಯ ಆಚೆ

ಮೊದಲ ಸಲ ಹೊರಟು ಶರಾವತಿ ಸೇತುವೆ ದಾಟಿದ್ದೇ ತಡ, ಹಿಂದಿನ ಟೈರು ಕುಳಿತುಬಿಟ್ಟಿತು. ಗಾಳಿ ಹೊಡೆಯುವವನು ಬರುವವರೆಗೆ ಏನು ಮಾಡುವುದು? ಹೆಂಡತಿ ಹೆದ್ದಾರಿ ಬದಿಗೆ ಕುರ್ಚಿ ಹಾಕಿ, ಒಲೆ ಹಚ್ಚಿ ಚಾ ಕಾಸಿದಳು. ಬುಟ್ಟಿ ಹೊತ್ತು ಹೋಗುತ್ತಿದ್ದ ಪರಿಚಯದ ಹೆಂಗಸು, “ಎಂತ ಅಕ್ಕ, ಇಲ್ಲೇ ಹೋಟ್ಲು ಹಾಕಿದ್ರಾ?” ಎಂದು ಕೇಳಿ ನಗುತ್ತ ಹೋದಳು.

ಹೆಂಡತಿಗೆ ಮೈಯೆಲ್ಲ ಉರಿಯಿತು. “ಸ್ವಂತ ಗಾಳಿ ಮಿಷನ್ ಇಲ್ದೆ ನಾ ಈ ಗಾಡಿ ಹತ್ತೂದಿಲ್ಲ. ಬರೋ ಶನಿವಾರ ಹೊರಡ್ದಿದ್ರೆ ಗಾಡಿ ನನ್ನ ತಮ್ಮಂಗೆ. ಒಣಮೀನು ಇಡೂಕೆ ಜಾಗ ಇಲ್ಲ ಅಂತಿದ್ದ,” ಅಂದಳು. ಒಣಮೀನು ಒಮ್ಮೆ ಹೊಕ್ಕ ಗಾಡಿಯಲ್ಲಿ ಆಮೇಲೆ ಮನುಷ್ಯ ಮಲಗುವ ಮಾತೇ ಇಲ್ಲ.

ನಾನು ಗಟ್ಟಿಯಾಗಿ ಏನೋ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಲಾರಿಯೊಂದು ನಿಂತು ಡ್ರೈವರ್ ಇಳಿದು ಬಂದ. “ಎರಡು ಚಾ, ಒಂದಕ್ಕೆ ಸಕ್ಕರೆ ಕಮ್ಮಿ.”

ಭಟ್ಕಳದ ಪುಟಾಣಿ

ಮರುದಿನವೇ ಭಟ್ಕಳಕ್ಕೆ ಹೋದೆ. ಅಂಗಡಿಯವರು ಮಗನ ಹತ್ತಿರ ನವಾಯತಿ, ಫೋನಿನಲ್ಲಿ ಉರ್ದು, ನನ್ನ ಹತ್ತಿರ ಕನ್ನಡ ಮಾತಾಡುತ್ತಲೇ ಅಂಗೈಯಗಲದ ಕಂಪ್ರೆಸರ್ ತೆಗೆದಿಟ್ಟರು.

“ಸೈಕಲ್, ಬೈಕ್, ಕಾರ್, ಫುಟ್ಬಾಲ್, ಎಲ್ಲದಕ್ಕೂ ಆಗ್ತದೆ.”

“ಮಿನಿಬಸ್ಸಿಗೆ?”

ಅವರು ಮಿಷನ್ನನ್ನೂ ನನ್ನನ್ನೂ ನೋಡಿ, “ಬೇಡ ಭಾಯ್, ಇದು ಪಾಪ,” ಅಂದರು. ನಾನು ಕೇಳಬೇಕಲ್ಲ! ಚಿಕ್ಕದು, ಚೊಕ್ಕದು ಎಂದು ಎತ್ತಿಕೊಂಡು ಬಂದೆ.

ಮನೆಯಲ್ಲಿ ಗಾಡಿಯ ಬ್ಯಾಟರಿಗೆ ಕಚ್ಚಿಸಿ ಚಾಲೂ ಮಾಡಿದರೆ ಅದು ಡರ್ರೆಂದು ಕುಣಿಯುತ್ತ ಅಂಗಳವಿಡೀ ಓಡಾಡಿತು. ಗಾಳಿ ತೋರಿಸುವ ಮುಳ್ಳು ಮಾತ್ರ ಇದ್ದಲ್ಲೇ. ಕಾದು ಕೆಂಡವಾದಾಗ ಹೆಂಡತಿ ಪಾಪ ಅಂದುಕೊಂಡು ಬೀಸಣಿಗೆಯಿಂದ ಗಾಳಿ ಹಾಕಿದಳು. ಸಂಜೆಗೆ ಟೈರು ಅಂತೂ ತುಂಬಿತು. ಖುಷಿಯಲ್ಲಿ ಗಾಡಿ ಹತ್ತಿ ಕೀಲಿ ತಿರುಗಿಸಿದರೆ ಉಸಿರೇ ಇಲ್ಲ. ಬ್ಯಾಟರಿಯನ್ನೆಲ್ಲ ಪುಟಾಣಿ ಕುಡಿದು ಮುಗಿಸಿತ್ತು.

ನೆರೆಯವರು ಬಂದು ಗಾಡಿ ತಳ್ಳುತ್ತ, “ಟೈರು ಭಾರೀ ಲಾಯ್ಕ ಉರುಳ್ತದೆ ಮಾರಾಯ್ರೆ!” ಅಂದರು.

ಕುಮಟೆಯ ಹಂಡೆ

ಇನ್ನು ಸಣ್ಣದರ ಸಹವಾಸ ಬೇಡ ಎಂದು ಕುಮಟೆಗೆ ಹೋದೆ. ಪರಿಚಯದ ಗ್ಯಾರೇಜಿನವನು ಹಂಡೆಯಂಥ ಟ್ಯಾಂಕಿಗೆ ಎರಡು ಚಕ್ರವಿದ್ದ ಕಂಪ್ರೆಸರ್ ತೋರಿಸಿದ. “ಲಾರಿ ಟೈರೂ ಕಣ್ಮುಚ್ಚಿ ಬಿಡೂದ್ರೊಳಗೆ ತುಂಬ್ತದೆ.”

ತಂದು ಗಾಡಿಗೆ ಹತ್ತಿಸಿದೆವು. ಬಾಗಿಲಲ್ಲಿ ಇಟ್ಟರೆ ಬಾಗಿಲು ಹಾಕಲಾಗದು, ಒಲೆಯ ಹತ್ತಿರ ಇಟ್ಟರೆ ಒಲೆ ಕಾಣದು. ಕೊನೆಗೆ ಅಳತೆ ಪಟ್ಟಿ ಹಿಡಿದು, “ಮಂಚದ ಅರ್ಧ ಕತ್ತರಿಸಿದ್ರೆ ಕೂರ್ತದೆ,” ಅಂದೆ.

ಹೆಂಡತಿ ಶಾಂತವಾಗಿ, “ಅಡ್ಡಿಲ್ಲ, ಕತ್ರಿಸಿ. ನೀವೂ ಅದೂ ಹೋಗಿ ಬನ್ನಿ,” ಅಂದಳು.

ಪೂಜೆ

ಕಡೆಗೆ ಸರಿಯಾದದ್ದು ಸಿಕ್ಕಿತು. ಹಂಡೆಯೂ ಅಲ್ಲ, ಪುಟಾಣಿಯೂ ಅಲ್ಲ. ಇಂಜಿನ್ ಚಾಲೂ ಇಟ್ಟು ನೇರ ಬ್ಯಾಟರಿಗೆ ಕಚ್ಚಿಸುವುದು, ಹಿಂದಿನ ಟೈರಿನ ತನಕ ಮುಟ್ಟುವ ಪೈಪು, ಜೊತೆಗೆ ದಪ್ಪ ಮುಳ್ಳಿನ ಗೇಜು. ಮೀನು ಮಾರುವ ನನ್ನ ಅತ್ತೆ ಪೂಜೆಯಾಗದೆ ಮುಟ್ಟಬೇಡಿ ಅಂದರು. ತಾವೇ ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಪೈಪಿನ ಬಾಯಿಗೂ ಚಿಟಿಕೆ ಚಿಟಿಕೆಯಾಗಿ ಕುಂಕುಮ ತುಂಬಿದರು.

ಸ್ವಿಚ್ಚು ಹಾಕಿದೆ. ಪೈಪು ಹಿಡಿದು ಎದುರಿಗೆ ನಿಂತವನು ಒಣಮೀನಿನ ಭಾವಮೈದುನ. ಬಿಳಿ ಅಂಗಿ, ಮೀಸೆ, ಹಲ್ಲು, ಎಲ್ಲ ಕೆಂಪು.

ಅತ್ತೆ ಕೈಮುಗಿದು, “ದೇವ್ರು ಪ್ರಸಾದ ಅವಂಗೇ ಮೊದ್ಲು ಕೊಟ್ಟ,” ಅಂದರು.

ಶನಿವಾರ

ಹೊರಡುವ ಬೆಳಿಗ್ಗೆ ಕೇರಿಯೇ ನೆರೆಯಿತು. ಕಳಿಸಿಕೊಡಲಿಕ್ಕೆ ಅಂದರು, ಕಣ್ಣೆಲ್ಲ ಗೇಜಿನ ಮೇಲೆ. ನಾನು ಠೀವಿಯಿಂದ ಟೈರಿಗೆ ಹಿಡಿದೆ. ಮುಳ್ಳು ಅರವತ್ತೈದಕ್ಕೆ ನಿಂತಿತು. “ಹೌದಾ? ನಾ ಒಂದ್ಸಲ ಕಾಂತೆ,” ಎಂದು ಪಕ್ಕದ ಮನೆಯವರು ಹಿಡಿದರು. ಪುಸ್. ಅವರ ಹೆಂಡತಿ ಹಿಡಿದರು. ಪುಸ್. ರಕ್ತದೊತ್ತಡ ಪರೀಕ್ಷೆಯ ಶಿಬಿರದ ಹಾಗೆ ಸಾಲು ನಿಂತಿತು. ಭಾವಮೈದುನ ಸಾಲಿನಲ್ಲಿ ಸುತ್ತಿ ಸುತ್ತಿ ಮತ್ತೆ ಮತ್ತೆ ಬಂದ. ಅಷ್ಟರಲ್ಲಿ ಮುಳ್ಳು ಐವತ್ತರ ಕೆಳಗಿಳಿದಿತ್ತು.

“ಅಕ್ಕ, ಕಾಣು! ಕಂಡಷ್ಟೂ ಕಮ್ಮಿ ಆಗ್ತದೆ. ಈ ಟೈರಲ್ಲಿ ಹೋಗೂದು ಅಪಾಯ,” ಅಂದ, ಮುಖ ತುಂಬ ಕಾಳಜಿ ಹೊತ್ತು.

ಎಲ್ಲರೂ ನನ್ನನ್ನು ಕರುಣೆಯಿಂದ ನೋಡಿದರು. ಗಾಡಿ ಕೈತಪ್ಪಿತೆಂದೇ ನಾನು ಅಂದುಕೊಂಡೆ. ಆಗ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಮುಂದೆ ಬಂದಳು. “ಬುಟ್ಟಿ ಹತ್ರ ಬಂದವ್ರೆಲ್ಲ ಕಿವಿರು ಎತ್ತಿ ಎತ್ತಿ ಕಂಡ್ರೆ ಮೀನು ಉಳೀತದಾ? ಹಾಂಗೇ ಇದೂ. ನೀವೆಲ್ಲ ಕಂಡ ಗಾಳಿಯೇ ಹೋದದ್ದು. ಸರೀರಿ ಆಚೆ!” ಗೇಜು ಕಿತ್ತು ಸೊಂಟಕ್ಕೆ ಸಿಕ್ಕಿಸಿದಳು. ತಾನೇ ಮಿಷನ್ ಹಚ್ಚಿ ಟೈರು ತುಂಬಿಸಿ, ನನಗಿಂತ ಮೊದಲು ಹತ್ತಿ ಕುಳಿತಳು. ನನಗೆ ಆ ಹೊತ್ತಿಗೆ ಅವಳ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಹಾರ್ನ್ ಸುಮ್ಮನೆ ಒತ್ತುತ್ತಲೇ ಹೊರಟೆ.

ಕುಮಟೆ ದಾಟಿ ಹಿರೇಗುತ್ತಿಯ ಹತ್ತಿರ ಗಾಡಿ ನಿಲ್ಲಿಸಿದೆವು. ಒಳಗೆ ಏನೋ ವಾಸನೆ. ಮಂಚದ ಹಲಗೆ ಎತ್ತಿದರೆ ಬಾಯಿ ಕಟ್ಟಿದ ಚೀಲಗಳು, ಒಳಗೆಲ್ಲ ಒಣಮೀನು! ನಾವು ಹೊರಡುವುದಿಲ್ಲವೆಂಬ ಧೈರ್ಯದಲ್ಲಿ ಭಾವಮೈದುನ ಬೆಳಕು ಹರಿಯುವ ಮುಂಚೆಯೇ ತುಂಬಿಸಿಟ್ಟಿದ್ದ. ಫೋನ್ ಮಾಡಿದರೆ, “ನೀವು ಹೊರಡ್ತ್ರಿ ಅಂತ ನಾನೆಂತ ಕನಸು ಕಂಡಿದ್ನಾ ಭಾವಾ?” ಅಂದ.

ನಾನು ತಲೆ ಮೇಲೆ ಕೈಹೊತ್ತು ರಸ್ತೆಬದಿಗೆ ಕುಳಿತೆ. ಸ್ವಲ್ಪ ಹೊತ್ತಿಗೆ ಬೈಕಿನವನೊಬ್ಬ ನಿಂತು, ನಮ್ಮ ಮಿಷನ್ ಕಂಡು, “ಸ್ವಲ್ಪ ಗಾಳಿ ಹೊಡೀತ್ರಾ?” ಅಂದ. ಹೊಡೆಯುತ್ತಿದ್ದಂತೆ ಇನ್ನೊಂದು ಬೈಕು, ಒಂದು ರಿಕ್ಷಾ ಬಂದವು. ಎಲ್ಲ ಮುಗಿಸಿ ತಲೆ ಎತ್ತಿದರೆ ಗಾಡಿಯ ಆಚೆ ಬದಿಯಲ್ಲಿ ಇನ್ನೂ ದೊಡ್ಡ ಸಾಲು. ಝಾಲರಿಯ ಪರದೆ ಸರಿಸಿ, ಕಿಟಕಿಯಲ್ಲಿ ತಕ್ಕಡಿ ಇಲ್ಲದೆ ಕೈಯಂದಾಜಿನಲ್ಲೇ ನನ್ನ ಹೆಂಡತಿ ಒಣಮೀನು ಮಾರುತ್ತಿದ್ದಳು. ಒಂದು ಕಿವಿಗೆ ಫೋನು.

“ತಮ್ಮಾ, ಇಲ್ಲಿ ಖಾಲಿ ಆತು. ನಾಳೆ ಗೋಕರ್ಣಕ್ಕೆ ಇನ್ನೂ ನಾಕು ಚೀಲ ಕಳ್ಸು. ಜಾಗ ಇಲ್ದಿದ್ರೆ ನಿನ್ನ ಭಾವನ ಹಾಸಿಗೆ ಸರ್ಕಾರಿ ಬಸ್ಸಿಗೆ ಹಾಕಿ ಮನೆಗೆ ಕಳಿಸ್ತೆ.”