ಹೊಲಿಗೆ ಕೋಣೆಯ ಮಣ್ಣು

ಗಂಡಸರಿಗೆ ನಲವತ್ತೈದು ದಾಟಿದ ಮೇಲೆ ಏನಾದರೊಂದು ಹುಚ್ಚು ಹಿಡಿಯುತ್ತೆ ಅಂತ ಕೇಳಿದ್ದೆ. ಕೆಲವರು ತಲೆಗೆ ಬಣ್ಣ ಬಳಿದುಕೊಳ್ತಾರೆ, ಇನ್ನು ಕೆಲವರು ಕವಿತೆ ಬರೆದು ಸಿಕ್ಕಿದವರ ಕಿವಿಗೆಲ್ಲ ಸುರೀತಾರೆ. ಬರೀಲಿ ಬಿಡಿ, ಕಾಗದ ತಾನೇ ಹಾಳಾಗೋದು. ನಮ್ಮ ಯಜಮಾನರು ಮಾತ್ರ ನನ್ನ ಕೋಣೆಯನ್ನೇ ಗುದ್ದಲಿಯಲ್ಲಿ ಎತ್ತಿ ಗುಡ್ಡೆ ಹಾಕಿ, ಅದರ ಮೇಲಿಂದ ಪುಟಾಣಿ ಸೈಕಲ್ಲಿನಲ್ಲಿ ಹಾರಿದರು. ಹೇಳ್ತಾ ಹೇಳ್ತಾ ಈಗಲೂ ನನಗೆ ಪಿತ್ತ ನೆತ್ತಿಗೇರುತ್ತೆ, ಸ್ವಲ್ಪ ದೂರ ಕೂತು ಕೇಳಿ.

ಕೋಣೆ ಅಂದೆನಲ್ಲ, ಅದನ್ನಿನ್ನೂ ಕಟ್ಟಿರಲಿಲ್ಲ. ಅದೇ ನನ್ನ ಗೋಳು. ನಾನು ಬಟ್ಟೆ ಹೊಲಿಯೋಳು. ಊಟದ ಮೇಜೇ ನನ್ನ ಕಾರ್ಖಾನೆ. ಬಟ್ಟೆ ಹರಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಇನ್ನೇನು ಕತ್ತರಿ ಆಡಿಸಬೇಕು ಅನ್ನೋ ಹೊತ್ತಿಗೆ ಸರಿಯಾಗಿ ಅತ್ತೆಗೆ ಹಸಿವಾಗುತ್ತೆ. ಎತ್ತಿಡು, ಒರೆಸು, ಬಡಿಸು, ಮತ್ತೆ ಒರೆಸು, ಮತ್ತೆ ಹರಡು. ಮದುವೆಯಾದಾಗಿನಿಂದ ಇದೇ ಕವಾಯತು. ಹಿತ್ತಲಲ್ಲಿ ಒಂದು ಪುಟ್ಟ ಕೋಣೆ, ಅದಕ್ಕೊಂದು ಕಿಟಕಿ, ಕಿಟಕಿ ಪಕ್ಕ ಮಷಿನ್ನು, ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳೋಕೆ ಒಂದು ಚಿಲಕ. (ಚಿಲಕ ಮುಖ್ಯ. ಕಿಟಕಿ ಇಲ್ಲದಿದ್ದರೂ ನಡೆದೀತು.) ನಾನು ಜೀವಮಾನದಲ್ಲಿ ಬಾಯಿಬಿಟ್ಟು ಕೇಳಿದ್ದು ಇಷ್ಟೇ.

ಕೊನೆಗೂ ಒಬ್ಬ ಮೇಸ್ತ್ರಿ ಸಿಕ್ಕಿದ. ಹಿತ್ತಲೆಲ್ಲ ಓಡಾಡಿ, ಕಾಲಲ್ಲಿ ನೆಲ ಒದ್ದು ನೋಡಿ, "ಜಾಗ ತಗ್ಗಿದೆ ಅಮ್ಮಾ. ಮೊದಲು ಮಣ್ಣು ಹೊಡೆಸಿ, ಆಮೇಲೆ ನನ್ನ ಕರೀರಿ" ಅಂದ. ಹೊಡೆಸಿದೆವು. ಲಾರಿ ತುಂಬ ಒಳ್ಳೆ ಜಿಗುಟು ಮಣ್ಣು ಬಂತು. ಮೇಸ್ತ್ರಿ ಮಾತ್ರ ನಾಪತ್ತೆ. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: "ನಾಳೆ ಬಂದೆ ಅಂತಲೇ ತಿಳ್ಕೊಳ್ಳಿ ಅಮ್ಮಾ." ನಾನೂ ತಿಳ್ಕೊಂಡೆ. ತಿಳ್ಕೊಂಡು ತಿಳ್ಕೊಂಡು ಸಾಕಾಗಿ, ನಾನೇ ಬಟ್ಟೆ ಅಳೆಯೋ ಟೇಪು ಹಿಡಿದು, ನಾಲ್ಕು ಮೂಲೆಗೆ ಗೂಟ ಹೊಡೆದು, ದಾರ ಕಟ್ಟಿ ನನ್ನ ಕೋಣೆಯ ಗಡಿ ಗುರುತಿಸಿಟ್ಟೆ. ಬೆಳಿಗ್ಗೆ ಕಾಫಿ ಕುಡೀತಾ ಆ ದಾರದೊಳಗೆ ಹೋಗಿ ನಿಂತು ಬರ್ತಿದ್ದೆ. ಇಲ್ಲದ ಬಾಗಿಲಿಗೆ ಚಿಲಕ ಹಾಕಿಕೊಂಡ ಹಾಗೆ ಹಾಯಾಗಿರ್ತಿತ್ತು.

ಅಷ್ಟರಲ್ಲಿ ವಕ್ಕರಿಸಿತು ಆ ಸೈಕಲ್ಲು.

ನಮ್ಮ ಯಜಮಾನರದ್ದು ಕನ್ನಡಕದ ಅಂಗಡಿ. ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡ್ತಾರೆ, ಹೆಂಡತಿಯ ಮುಖ ಕೆಂಪಾಗಿದ್ದು ಮಾತ್ರ ಕಾಣಲ್ಲ. ಅವರಿಗೊಬ್ಬ ಬಾಲ್ಯ ಸ್ನೇಹಿತ, ಪ್ಲಂಬರ್. ಅವನು ಯಾರದೋ ಮನೆಯ ನೆಲಮಾಳಿಗೆಗೆ ಪೈಪು ರಿಪೇರಿಗೆ ಹೋದವನು ಅಲ್ಲಿ ಬಿದ್ದಿದ್ದ ಒಂದು ಹಳೇ ಬಿಎಂಎಕ್ಸ್, ಅದೇ ಹುಡುಗರು ಕಸರತ್ತು ಮಾಡೋ ಪುಟಾಣಿ ಸೈಕಲ್ಲು, ಕೇಳಿ ತಂದ. ಇಬ್ಬರೂ ಸೇರಿ ಅದನ್ನು ಎಲ್ಲಿಟ್ಟು ಬಿಚ್ಚಿದರು ಅಂತೀರಿ? ನನ್ನ ಮೇಜಿನ ಮೇಲೆ! ಆಸ್ಪತ್ರೆಯವರ ಬಿಳಿ ಕೋಟುಗಳನ್ನ ಕತ್ತರಿಸಿ ಸಾಲಾಗಿ ಇಟ್ಟಿದ್ದೆ. ವಾಪಸ್ ಬಂದು ನೋಡಿದರೆ ಒಂದು ಕೋಟಿನ ಬೆನ್ನ ಮೇಲೆ ಟೈರಿನ ಅಚ್ಚು, ಮೇಲಿನಿಂದ ಕೆಳಗಿನವರೆಗೆ, ಡಾಕ್ಟರ ಮೇಲೇ ಗಾಡಿ ಹರಿದ ಹಾಗೆ. ನನ್ನ ಮಷಿನ್ನಿನ ಎಣ್ಣೆ ಚೈನಿಗೆ ಹೋಗಿತ್ತು. ನನ್ನ ಟೇಪು ಹ್ಯಾಂಡಲ್ಲಿನ ಮೇಲೆ ನೇತಾಡ್ತಿತ್ತು.

"ಏನ್ರೀ ಇದು ಅವತಾರ?" ಅಂದೆ.

"ಸೆಟ್ಟಿಂಗ್ ಮಾಡ್ತಿದೀವಿ ಕಣೇ. ಹಿಂದಿನ ಚಕ್ರ ಒಂಚೂರು ಮುಂದಕ್ಕೆ ತಂದರೆ ಗಾಡಿ ಹೇಳಿದ ಮಾತು ಕೇಳುತ್ತೆ."

"ಮನೇಲಿ ಅದಾದ್ರೂ ಕೇಳ್ಲಿ. ಸೀಟ್ಯಾಕೆ ಪಾತಾಳಕ್ಕಿಳಿಸಿದೀರಿ? ಮಂಡಿ ಬಂದು ಕಿವಿಗೆ ತಾಗುತ್ತೆ."

"ಸೀಟು ಕೂರೋಕಲ್ಲ."

"ಮತ್ತೇನು ಪೂಜೆಗಾ? ಸರಿ, ಬ್ರೇಕೆಲ್ಲಿ?"

"ಬ್ರೇಕ್ ತೆಗೆದ್ವಿ. ಮಣ್ಣಲ್ಲಿ ಹಾರೋರು ಬ್ರೇಕ್ ಇಟ್ಕೊಳ್ಳಲ್ಲ."

"ನಿಲ್ಸೋದು ಹೇಗೆ?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ನಿಲ್ಸೋದ್ಯಾಕೆ?" ಅಂದ ಪ್ಲಂಬರ್. ಕೈಲಿದ್ದ ಕತ್ತರಿಯನ್ನ ನಾನು ಮೆಲ್ಲಗೆ ಕೆಳಗಿಟ್ಟೆ. ಅವನ ಪುಣ್ಯ.

"ಮಣ್ಣಲ್ಲಿ ಹಾರೋರು" ಅಂದ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ. ಹೋಗಿದ್ದು ಮಾರನೇ ದಿನ, ಯಜಮಾನರು ಹಿತ್ತಲ ಬಾಗಿಲಲ್ಲಿ ನಿಂತು ನನ್ನ ಕೋಣೆಯ ಮಣ್ಣನ್ನ ನೋಡ್ತಿದ್ದಾಗ. ಮದುವೆಗೆ ಮುಂಚೆ ನನ್ನನ್ನ ಹಾಗೆ ನೋಡ್ತಿದ್ದರು.

ಅವತ್ತಿನಿಂದ ದಿನಾ ಅಂಗಡಿಯಿಂದ ಬಂದವರು ಅಂಗಿ ಬಿಚ್ಚಿ ಗುದ್ದಲಿ ಹಿಡಿಯೋದು, ಪ್ಲಂಬರ್ ಆ ಮಣ್ಣನ್ನ ಬುಟ್ಟಿಯಲ್ಲಿ ಹೊತ್ತು ಗುಡ್ಡೆ ಹಾಕೋದು. ನಮ್ಮನೇಲಿ ಒಂದು ಬಲ್ಬು ಬದಲಾಯಿಸೋಕೆ ಬೆನ್ನು ನೋವು ಅನ್ನೋ ಮನುಷ್ಯ! ಊಟಕ್ಕೆ ಕೂತರೂ ಅದೇ ಮಾತು. ಬ್ರೆಡ್ ತುಂಡು ಎರಡು ಕಡೆ ನಿಲ್ಲಿಸಿ ಅತ್ತೆಗೆ ಪಾಠ. "ನೋಡಮ್ಮಾ, ಇದು ಹತ್ತೋ ದಿಬ್ಬ. ಇದು ಇಳಿಯೋ ದಿಬ್ಬ. ಮಧ್ಯೆ ಹಳ್ಳ. ಹತ್ತೋ ದಿಬ್ಬದ ತುದಿಗೆ ತುಟಿ ಅಂತೀವಿ."

"ಆ ತುಟಿ ಮುಚ್ಕೊಂಡು ಊಟ ಮಾಡಿ" ಅಂದೆ ನಾನು. "ನನ್ನ ಕೋಣೆ ಗತಿಯೇನು?"

"ಮೇಸ್ತ್ರಿ ಬಂದ ದಿನ ಹರಡಿದರಾಯ್ತಪ್ಪ! ಮಣ್ಣೇನು ಓಡಿಹೋಗುತ್ತಾ?"

ಅತ್ತೆಯಾದರೂ ಮಗನಿಗೆ ಬುದ್ಧಿ ಹೇಳ್ತಾರೆ ಅಂದುಕೊಂಡಿದ್ದೆ. ಅವರು ಹಿತ್ತಲ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡರು! ಟಿವಿ ಧಾರಾವಾಹಿ ಬಿಟ್ಟು ಸಾಯಂಕಾಲ ಅಲ್ಲೇ ಠಿಕಾಣಿ. ಮಗ ಸೈಕಲ್ ತುಳ್ಕೊಂಡು ಬಂದು ದಿಬ್ಬ ಹತ್ತೋದು, ತುದಿಯ ತುಟಿ ಪುಸಕ್ ಅಂತ ಕುಸಿಯೋದು, ಇವರು ಸೈಕಲ್ ಸಮೇತ ಹಳ್ಳಕ್ಕೆ ಬೀಳೋದು. ಅತ್ತೆ ಕುರ್ಚಿಯಿಂದಲೇ, "ವೇಗ ಸಾಲ್ದು ಕಣೋ" ಅನ್ನೋದು. ದಿನಾ ಇದೇ. "ಮಣ್ಣು ನಿಲ್ತಾನೇ ಇಲ್ಲ, ಪುಡಿಪುಡಿ" ಅಂತ ಯಜಮಾನರು ಮೊಣಕೈಗೆ ಮುಲಾಮು ಹಚ್ಚಿಕೊಂಡು ಗೋಳಾಡ್ತಿದ್ದರು. ನನಗೆ ಒಳಗೊಳಗೇ ಖುಷಿ. ನನ್ನ ಮಣ್ಣು, ನನ್ನ ಪರವಾಗಿದೆ ಅಂತ.

ಇಷ್ಟಾದರೂ ನಾನು ಸಹಿಸಿಕೊಂಡಿದ್ದೆ ಕಣ್ರೀ. ಆದರೆ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋಗ್ತೀನಿ, ನನ್ನ ಗೂಟ ಇಲ್ಲ! ದಾರ ಇಲ್ಲ! ನಾಲ್ಕೂ ಗೂಟ ಕಿತ್ತು, ದಿಬ್ಬಕ್ಕೆ ಹೊದೆಸಿದ ಪ್ಲಾಸ್ಟಿಕ್ ಹಾಳೆಯ ಮೂಲೆಗೆ ಹೊಡೆದಿದ್ದರು. ನನ್ನ ಕೋಣೆ ನಿಂತಿದ್ದೇ ಆ ದಾರದ ಮೇಲೆ. ನಾನು ಎಲ್ಲಿ ನಿಂತು ಕಾಫಿ ಕುಡಿಯಬೇಕು ಅಂತಲೂ ತೋಚಲಿಲ್ಲ. ಅಳು ಬಂತು. ಅಳು ಬಂದಿದ್ದಕ್ಕೆ ಇನ್ನೂ ಸಿಟ್ಟು ಬಂತು.

ಯಜಮಾನರು ಅಂಗಡಿಗೆ ಹೋಗಲಿ ಅಂತ ಕಾದೆ. ಅತ್ತೆ ಮಧ್ಯಾಹ್ನ ನಿದ್ದೆಗೆ ಜಾರಲಿ ಅಂತ ಕಾದೆ. ಆಮೇಲೆ ಸೀರೆ ಸೊಂಟಕ್ಕೆ ಸಿಕ್ಕಿಸಿ, ಹಾಳೆ ಕಿತ್ತೆಸೆದು, ನೀರಿನ ಪೈಪು ಎಳೆದುಕೊಂಡು ಬಂದು ಆ ದಿಬ್ಬಕ್ಕೆ ಹಿಡಿದೆ. ಕರಗಿ ನೀರಾಗಿ ಚರಂಡಿಗೆ ಹೋಗಲಿ ಅಂತ. ಮಹಾಸಂಗ್ರಾಮ! ಆದರೆ ಆ ಮಣ್ಣು ಕರಗಬೇಕಲ್ಲ? ನೀರೆಲ್ಲ ಗಟಗಟ ಕುಡಿದು ಗಟ್ಟಿಯಾಗಿ ಕೂತಿತು. ನನಗೆ ಮೈಯೆಲ್ಲ ಉರಿದುಹೋಯ್ತು. ಸಲಿಕೆ ತಿರುಗಿಸಿ ಹಿಡಿದು ಬೆನ್ನಿನಿಂದ ಬಡಿದೆ. ಒಂದೇಟು ಮೇಸ್ತ್ರಿಗೆ, ಒಂದೇಟು ಪ್ಲಂಬರಿಗೆ, ಮಿಕ್ಕಿದ್ದೆಲ್ಲ ನಮ್ಮವರಿಗೆ. ತುದಿಯಲ್ಲಿದ್ದ ಪುಡಿಮಣ್ಣನ್ನೆಲ್ಲ ಕೆರೆದು ಕೆರೆದು ಹಳ್ಳದಾಚೆಗೆ ಎಸೆದೆ. ಅಲ್ಲಿ ಬಿದ್ದಿದ್ದನ್ನ ಹೋಗಿ ತುಳಿದೆ. ನೀರು ಹಾಕಿ ಮತ್ತೆ ತುಳಿದೆ.

ಇಲ್ಲೊಂದು ವಿಷಯ ಹೇಳಬೇಕು. ಎಷ್ಟೇ ಸಿಟ್ಟಿರಲಿ, ಸೊಟ್ಟ ಅಂಚು ಕಂಡರೆ ನನ್ನ ಕೈ ಸುಮ್ಮನಿರಲ್ಲ. ಕೆಡವೋಕೆ ಅಂತ ತುದಿಗೆ ಸಲಿಕೆ ಹಾಕ್ತೀನಿ, ಎಡಗಡೆ ಇಳಿಬಿದ್ದಿತ್ತು. ಇದೇನು ಗಲೀಜು ಕೆಲಸ ಅಂತ ಸರಿ ಮಾಡಿದೆ. ಆಮೇಲೆ ಬಲಗಡೆ ಎತ್ತರವಾಯ್ತು. ಅದನ್ನೂ ಸವರಿದೆ. ಕಣ್ಣಿಗೆ ಒಪ್ಪಲಿಲ್ಲ ಅಂತ ಟೇಪು ತಂದು ಅಳೆದೆ. (ನಗಬೇಡಿ. ಕೆಡವೋದಕ್ಕೂ ಒಂದು ಅಚ್ಚುಕಟ್ಟು ಬೇಡವಾ?) ಸೊಂಟ ಬಿದ್ದುಹೋಗೋ ಹೊತ್ತಿಗೆ ಒಳಗೆ ಬಂದು ಕುಕ್ಕರಿಸಿದೆ. ಸರ್ವನಾಶ ಮಾಡಿದೆ ಅನ್ನೋ ತೃಪ್ತಿಯಲ್ಲಿ ಒಂದು ಸಣ್ಣ ನಿದ್ದೆ ಕೂಡ ಮಾಡಿದೆ.

ಸಾಯಂಕಾಲ ಇಬ್ಬರೂ ಬಂದರು. ನಾನು ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತೆ, ಇವತ್ತು ಜನ್ಮ ಜಾಲಾಡಿಬಿಡೋಣ ಅಂತ. ಯಜಮಾನರು ದಿಬ್ಬ ನೋಡಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು.

"ಯಾರು ಮಾಡಿದ್ದು?"

"ನಾನೇ! ಏನೀಗ?"

ಪ್ಲಂಬರ್ ಮಂಡಿಯೂರಿ ಆ ತುಟಿಯ ಮೇಲೆ ಕೈಯಾಡಿಸಿದ. ಬೆರಳಿನಿಂದ ಕುಟ್ಟಿದ. "ಲೋ, ಕಲ್ಲು ಕಣೋ ಇದು!" ಅಂದ. "ನೀರು ಹಾಕಿ, ಬಡಿದು, ಅಂಚು ಕಟ್ಟಿದಾರೆ. ಇಳಿಯೋ ದಿಬ್ಬನೂ ಎತ್ತರಿಸಿದಾರೆ. ನಾವು ಒಣಮಣ್ಣು ಗುಡ್ಡೆ ಹಾಕ್ಕೊಂಡು ಸಾಯ್ತಿದ್ವಲ್ಲೋ!"

ಯಜಮಾನರ ಕಣ್ಣಲ್ಲಿ ನೀರು! "ನಿನಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ ಕಣೇ" ಅಂದರು. ಹೊಡೆಯೋಕೆ ಎತ್ತಿದ ಕೈಗೆ ಹಾರ ಹಾಕಿದರೆ ಹೆಂಗಸಾದವಳು ಏನು ಮಾಡಬೇಕು?

"ಅಗೆದವರೇ ಮೊದಲು ಹಾರಬೇಕು, ಅಗೆಯದವರು ಗಾಡಿ ಮುಟ್ಟೋ ಹಾಗಿಲ್ಲ. ಇದು ದಿಬ್ಬದ ಕಾನೂನು ಅತ್ತಿಗೆ" ಅಂತ ಪ್ಲಂಬರ್ ಸೈಕಲ್ಲು ತಂದು ನನ್ನ ಮುಂದೆ ನಿಲ್ಲಿಸಿದ.

"ನಿಮ್ಮ ಕಾನೂನಿಗೆ ಬೆಂಕಿ ಬೀಳ" ಅಂದೆ. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಮೆಟ್ಟಿಲ ಮೇಲಿನ ಕುರ್ಚಿಯಿಂದ ಅತ್ತೆಯ ದನಿ ಬಂತು: "ಬಿಡ್ರೋ, ಅವಳ ಕೈಲಿ ಆಗಲ್ಲ. ಹೆದರ್ತಾಳೆ."

ನಾನು? ಹೆದರೋದಾ? ಒಳಗೆ ಹೋಗಿ ಯಜಮಾನರ ಹಳೇ ಪ್ಯಾಂಟು ಏರಿಸಿಕೊಂಡು ಬಂದೆ. ಹೆಲ್ಮೆಟ್ ಕಸಿದು ಹಾಕಿಕೊಂಡೆ. ಇಷ್ಟು ವರ್ಷ ಎತ್ತಿಟ್ಟ ಬಟ್ಟೆ, ಒರೆಸಿದ ಮೇಜು, ಕಿತ್ತ ಗೂಟ ಎಲ್ಲವನ್ನೂ ನೆನೆಸಿಕೊಂಡು ಪೆಡಲು ತುಳಿದೆ. ದಿಬ್ಬ ಬಂತು. ತುಟಿ ಬಂತು. ಕುಸಿಯಲಿಲ್ಲ. ಆಮೇಲೆ ಕೆಳಗೆ ಏನೂ ಇರಲಿಲ್ಲ.

ಏನು ಹೇಳಲಿ! ಅಲ್ಲಿ ಮೇಲೆ ಯಾರೂ ಇಲ್ಲ. ಹಸಿವಾಯ್ತು ಅನ್ನೋರಿಲ್ಲ, ಎತ್ತಿಡು ಅನ್ನೋರಿಲ್ಲ. ಗಾಳಿ, ನಾನು, ಅಷ್ಟೇ. ಇಳಿಯೋ ದಿಬ್ಬದ ಮೇಲೆ ಚಕ್ರ ಎಷ್ಟು ನಯವಾಗಿ ಕೂತಿತು ಅಂದರೆ, ನಾನೇ ಸವರಿದ ಅಂಚು ಅಂತ ಹೆಮ್ಮೆಯಾಯ್ತು. ಆ ಹೆಮ್ಮೆಯಲ್ಲೇ ಬ್ರೇಕ್ ಹಿಡಿದೆ.

ಬ್ರೇಕ್ ಎಲ್ಲಿತ್ತು, ನನ್ನ ತಲೆ! ಬಟ್ಟೆ ಒಣಗಿಸೋ ಹಗ್ಗದ ಮೇಲೆ ಆಸ್ಪತ್ರೆಯವರ ಕೋಟುಗಳನ್ನ ಒಗೆದು ಹಾಕಿದ್ದೆ. ಸೀದಾ ಅವುಗಳೊಳಗೆ ನುಗ್ಗಿ, ಹಗ್ಗ ಸಮೇತ ಕಿತ್ತುಕೊಂಡು, ಬೇಲಿಗೆ ಒರಗಿ ನಿಂತೆ. ಮೈತುಂಬ ಡಾಕ್ಟರು. ಯಜಮಾನರು ಓಡಿಬಂದು ಒಂದೊಂದೇ ತೋಳು ಬಿಡಿಸಿ ಮುಖ ಹುಡುಕಿದರು. "ಏನಾದ್ರೂ ಆಯ್ತಾ ಕಣೇ?" ಅಂದರು.

"ದೂರ ಸರೀರಿ! ಇನ್ನೊಂದ್ಸಲ ಹೋಗ್ಬೇಕು" ಅಂತ ಗದರಿದೆ.

ಅತ್ತೆ ಮಾತ್ರ, "ವೇಗ ಪರವಾಗಿಲ್ಲ" ಅಂದರು.

ಮಾರನೇ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಬಂದರೆ ಯಾವನೋ ನನ್ನ ತುಟಿಯ ಮೇಲೆ ಬೂಟುಗಾಲಿಟ್ಟು ನಿಂತಿದ್ದಾನೆ! ಬೂಟಿನ ಗುರುತು ಬೇರೆ ಬಿದ್ದಿದೆ!

"ಏಯ್! ಇಳಿಯೋ ಕೆಳಗೆ! ಯಾರನ್ನ ಕೇಳಿ ಹತ್ತಿದೆ?"

ತಿರುಗಿದ. ಮೇಸ್ತ್ರಿ! ಹಿಂದೆ ಗುದ್ದಲಿ ಹಿಡಿದ ಇಬ್ಬರು ಕೂಲಿಯವರು. "ನಾನೇ ಅಮ್ಮಾ. ಬಂದ್ಬಿಟ್ಟೆ ನೋಡಿ. ಈಗಲೇ ಮಣ್ಣು ಹರಡಿ, ಇವತ್ತೇ ಪಾಯ ಶುರು ಮಾಡ್ತೀನಿ."

"ಹರಡೋದಾ? ಈ ಮಣ್ಣಿಗೆ ಒಂದು ಗುದ್ದಲಿ ಬಿದ್ದರೆ ನಿನ್ನ ಗ್ರಹಚಾರ ಬಿಡಿಸ್ತೀನಿ! ಅಂಚು ಕಟ್ಟೋಕೆ ಎಷ್ಟು ಕಷ್ಟ ಗೊತ್ತಾ ನಿನಗೆ? ಹೊರಡು, ಹೊರಡು!"

"ಅಮ್ಮಾ, ಕೋಣೆ ಬೇಕು ಬೇಕು ಅಂತ ದಿನಾ ಫೋನ್ ಮಾಡ್ತಿದ್ದೋರು ನೀವೇ ಅಲ್ವಾ? ಮತ್ತೆ ಯಾವಾಗ ಬರ್ಲಿ?"

"ನಾಳೆ ಕರೆದೆ ಅಂತಲೇ ತಿಳ್ಕೊ!" ಅಂದೆ.

ಗೇಟು ಧಡಾರನೆ ಹಾಕಿಕೊಂಡ ಸದ್ದು ಕೇಳಿತು. ನನ್ನ ಕಿಟಕಿ, ನನ್ನ ಚಿಲಕ, ಎಲ್ಲ ಆ ಮನುಷ್ಯನ ಹಿಂದೆ ಬೀದಿಗೆ ಹೋಗಿತ್ತು. ಕಳಿಸಿದ್ದು ನಾನೇ. ಯಾರನ್ನ ಬೈಯಲಿ ಅಂತ ಸುತ್ತ ನೋಡಿದೆ, ಒಬ್ಬರೂ ಸಿಗಲಿಲ್ಲ.

ಬೂಟಿನ ಗುರುತಿಗೆ ಒಂಚೂರು ನೀರು ಚಿಮುಕಿಸಿ, ಸಲಿಕೆಯ ಬೆನ್ನಿನಿಂದ ಮೆಲ್ಲಗೆ ತಟ್ಟುತ್ತಿದ್ದೆ. ಒಳಗಿನಿಂದ ಅತ್ತೆ ಕೂಗಿದರು:

"ಹಸಿವಾಗ್ತಿದೆ ಕಣೇ. ಮೇಜಿನ ಮೇಲಿರೋದೆಲ್ಲ ಎತ್ತಿಡು!"